ಮೌಸ್ ತಡವರಿಸುತ್ತಿದೆಯೇ? ‘ಬೂಸ್ಟರ್’ ಫೈಲ್ ಹಾಕಿಕೊಳ್ಳುವ ಮುನ್ನ ಇದನ್ನು ಓದಿ

“ಮೌಸ್ ನಿಧಾನವಾದರೆ ಕಂಪ್ಯೂಟರ್‌ಗೆ ವೈರಸ್ ಬಂದಿದೆ ಎಂದರ್ಥ. ಆ್ಯಂಟಿವೈರಸ್ ಆಫ್ ಮಾಡಿ ಈ ಫೈಲ್ ಹಾಕಿ, ಗೇಮ್ ಬುಲೆಟ್ ತರಹ ಓಡುತ್ತದೆ.” ಗೇಮ್ ಆಡುವವರ ವಾಟ್ಸಾಪ್, ಟೆಲಿಗ್ರಾಂ ಗುಂಪುಗಳಲ್ಲಿರುವವರಿಗೆ ಈ ಧಾಟಿಯ ಸಂದೇಶ ಹೊಸದಲ್ಲ. ಇದನ್ನು ನಂಬಬೇಕೇ?

ಬೇಡ. ಮೌಸ್ ತಡವರಿಸುವುದಕ್ಕೆ ವೈರಸ್ ಒಂದು ಕಾರಣವಾಗಿರಲು ಸಾಧ್ಯವಿದೆ, ಆದರೆ ಮೊದಲು ಅನುಮಾನಿಸಬೇಕಾದ ಕಾರಣ ಅದಲ್ಲ. ಬಹಳಷ್ಟು ಸಲ ತಪ್ಪು ಇರುವುದು ಡಾಂಗಲ್ ಚುಚ್ಚಿದ ಜಾಗದಲ್ಲಿ, ಟಿವಿಯ ಸೆಟ್ಟಿಂಗ್‌ನಲ್ಲಿ ಅಥವಾ ಫ್ಯಾನಿಗೆ ಹಿಡಿದ ದೂಳಿನಲ್ಲಿ. ಇವನ್ನು ಸರಿಪಡಿಸಲು ಖರ್ಚು ಇಲ್ಲವೇ ಇಲ್ಲ ಎನ್ನಬಹುದು. ಆಳಂದ ತಾಲೂಕಿನ ಜಿಡಗಾದಂಥ ಊರಿನಲ್ಲಿ “ಮೌಸ್ ಲ್ಯಾಗ್ ಆಗ್ಲತದ” ಎಂದು ರಿಪೇರಿಗೆ ಹೊರಟರೆ ಸಿಪಿಯು ಡಬ್ಬ ಹೊತ್ತು ಆಳಂದಕ್ಕೋ ಕಲಬುರಗಿಗೋ ಬಸ್ ಹತ್ತಬೇಕಾಗುತ್ತದೆ. ಅದಕ್ಕಿಂತ ಮುಂಚೆ ಮನೆಯಲ್ಲೇ ಅರ್ಧ ಗಂಟೆ ಕೂತು ನೋಡುವುದು ಲಾಭ.

ಮೊದಲು ತಿಳಿಯಬೇಕಾದ್ದು: ಇದು ಯಾವ ಲ್ಯಾಗ್?

ಆನ್‌ಲೈನ್ ಗೇಮ್‌ನಲ್ಲಿ ಗುಂಡು ಹಾರಿಸಿದ ಮೇಲೆ ಎದುರಾಳಿ ತಡವಾಗಿ ಬೀಳುತ್ತಾನೆಯೇ? ಅದು ಇಂಟರ್ನೆಟ್‌ನ ತಡ, ಆಟಗಾರರು ‘ಪಿಂಗ್’ ಎನ್ನುವುದು ಇದನ್ನೇ. ಮೌಸ್‌ಗೂ ಅದಕ್ಕೂ ಸಂಬಂಧವಿಲ್ಲ. ಗೇಮ್ ಮುಚ್ಚಿ, ನೆಟ್ ತೆಗೆದು, ಬರೀ ಡೆಸ್ಕ್‌ಟಾಪ್ ಮೇಲೆ ಬಾಣದ ಗುರುತನ್ನು ಓಡಾಡಿಸಿ. ಆಗಲೂ ತಡವರಿಸಿದರೆ ದೋಷ ಮೌಸ್, ಅದರ ಸಂಪರ್ಕ, ಪರದೆ, ಇಲ್ಲವೇ ಇಡೀ ಕಂಪ್ಯೂಟರ್‌ನಲ್ಲಿದೆ. ಗೇಮ್ ಒಳಗೆ ಮಾತ್ರ ತಡವರಿಸಿದರೆ ಗೇಮ್‌ನ ಸೆಟ್ಟಿಂಗ್ ಅಥವಾ ಬಿಸಿಯ ಕಡೆ ನೋಡಬೇಕು.

ಇದನ್ನು ಅಳೆಯುವ ಸಾಧನ ನಿಮ್ಮ ಕೈಯಲ್ಲೇ ಇದೆ. ಮೊಬೈಲ್ ಕ್ಯಾಮೆರಾವನ್ನು ಸ್ಲೋ ಮೋಷನ್‌ಗೆ ಹಾಕಿ, ಮೌಸ್ ಹಿಡಿದ ಕೈ ಮತ್ತು ಪರದೆ ಎರಡೂ ಕಾಣುವಂತೆ ಇಟ್ಟು, ಮೌಸನ್ನು ಒಮ್ಮೆ ಜೋರಾಗಿ ಸರಿಸಿ. ಸೆಕೆಂಡಿಗೆ 240 ಚಿತ್ರ ತೆಗೆಯುವ ಫೋನ್ ಆದರೆ ಒಂದೊಂದು ಚಿತ್ರದ ನಡುವೆ ಸುಮಾರು 4 ಮಿಲಿಸೆಕೆಂಡು ಅಂತರ. 120 ಆದರೆ 8. ವಿಡಿಯೊವನ್ನು ಒಂದೊಂದೇ ಚಿತ್ರವಾಗಿ ಸರಿಸುತ್ತಾ, ಕೈ ಅಲುಗಿದ ಎಷ್ಟು ಚಿತ್ರಗಳ ನಂತರ ಬಾಣ ಅಲುಗಿತು ಎಂದು ಎಣಿಸಿ. 240ರ ಫೋನ್‌ನಲ್ಲಿ 25 ಚಿತ್ರ ಬಂದರೆ ತಡ ಸುಮಾರು 100 ಮಿಲಿಸೆಕೆಂಡು, ಅಂದರೆ ಸೆಕೆಂಡಿನ ಹತ್ತನೇ ಒಂದು ಭಾಗ. ಆಟದಲ್ಲಿ ಇದು ಚೆನ್ನಾಗಿಯೇ ಗೊತ್ತಾಗುತ್ತದೆ. ಮುಂದೆ ಒಂದೊಂದನ್ನು ಬದಲಿಸಿದಾಗಲೂ ಇದೇ ವಿಡಿಯೊ ಮತ್ತೆ ತೆಗೆಯಿರಿ. ‘ಈಗ ಸ್ವಲ್ಪ ಸ್ಮೂತ್ ಅನ್ನಿಸ್ತಿದೆ’ ಎನ್ನುವ ಭ್ರಮೆಗೆ ಇದರಲ್ಲಿ ಜಾಗವಿಲ್ಲ.

ಡಾಂಗಲ್ ಚುಚ್ಚಿದ ಜಾಗ

ವೈರ್‌ಲೆಸ್ ಮೌಸ್ ಇದ್ದರೆ ನಾವು ಮೊದಲು ನೋಡುವುದು ಇದನ್ನೇ. ಮೌಸ್ ಮತ್ತು ಅದರ ಪುಟ್ಟ ಡಾಂಗಲ್ ಮಾತಾಡಿಕೊಳ್ಳುವುದು 2.4 ಗಿಗಾಹರ್ಟ್ಸ್ ರೇಡಿಯೊ ತರಂಗದಲ್ಲಿ. ಬ್ಲೂಟೂತ್ ಕೂಡ ಅಲ್ಲೇ, ಹಳೆಯ ವೈ-ಫೈ ಕೂಡ ಅಲ್ಲೇ. ಇದರ ಜೊತೆಗೆ, ಯುಎಸ್‌ಬಿ 3.0 ಪೋರ್ಟಿನಲ್ಲಿ ಪೆನ್‌ಡ್ರೈವ್ ಅಥವಾ ಹಾರ್ಡ್‌ಡಿಸ್ಕ್ ಕೆಲಸ ಮಾಡುವಾಗ ಅದರಿಂದ ಹೊರಡುವ ವಿದ್ಯುತ್ ಗದ್ದಲವೂ ಇದೇ 2.4ರ ಆಸುಪಾಸಿನಲ್ಲಿ ಹರಡುತ್ತದೆ. ಪಕ್ಕದಲ್ಲೇ ಇರುವ ಡಾಂಗಲ್‌ಗೆ ಮೌಸ್‌ನ ಸಣ್ಣ ದನಿ ಕೇಳಿಸದೆ ಹೋಗುತ್ತದೆ. ಇದು ಊಹೆಯಲ್ಲ; 2012ರಲ್ಲಿ ಇಂಟೆಲ್ ಕಂಪನಿಯೇ ಅಳತೆ ಮಾಡಿ ಈ ಬಗ್ಗೆ ವರದಿ ಪ್ರಕಟಿಸಿದೆ.

ನಮ್ಮ ಮನೆಗಳಲ್ಲಿ ಇದರ ಮೇಲೆ ಇನ್ನೊಂದು ಸೇರಿಕೊಳ್ಳುತ್ತದೆ. ಕೇಬಲ್ ನೆಟ್ ಇಲ್ಲದ ಕಡೆ ಇಂಟರ್ನೆಟ್ ಬರುವುದು ಮೊಬೈಲ್ ಹಾಟ್‌ಸ್ಪಾಟ್‌ನಿಂದ, ಆ ಮೊಬೈಲ್ ಇರುವುದು ಸಿಪಿಯು ಡಬ್ಬದ ನೆತ್ತಿಯ ಮೇಲೆ, ಡಾಂಗಲ್ ಇರುವುದು ಡಬ್ಬದ ಬೆನ್ನಿಗೆ, ಡಬ್ಬ ಇರುವುದು ಮೇಜಿನ ಕೆಳಗೆ. ಕಬ್ಬಿಣದ ತಗಡಿನ ಮರೆ ಒಂದು ಕಡೆ, ಹಾಟ್‌ಸ್ಪಾಟ್‌ನ ಗಲಾಟೆ ಇನ್ನೊಂದು ಕಡೆ. ಮೌಸ್ ತಡವರಿಸದೆ ಇನ್ನೇನು ಮಾಡೀತು?

ಪರಿಹಾರ ಸುಲಭ. ಡಾಂಗಲ್ ಅನ್ನು ಮುಂಭಾಗದ ಪೋರ್ಟಿಗೆ ಹಾಕಿ. ನೀಲಿ ಬಣ್ಣದ ಪೋರ್ಟ್ ಸಾಮಾನ್ಯವಾಗಿ ಯುಎಸ್‌ಬಿ 3.0, ಆದ್ದರಿಂದ ಕಪ್ಪು ಪೋರ್ಟ್ ಆರಿಸಿ. ಇನ್ನೂ ಒಳ್ಳೆಯದೆಂದರೆ ಒಂದು ಯುಎಸ್‌ಬಿ ಎಕ್ಸ್‌ಟೆನ್ಷನ್ ವೈರ್ ತಂದು ಡಾಂಗಲ್ ಅನ್ನು ಮೇಜಿನ ಮೇಲೆ, ಮೌಸ್‌ನಿಂದ ಒಂದು ಗೇಣು ದೂರದಲ್ಲಿ ಇಡುವುದು. ಹಾಟ್‌ಸ್ಪಾಟ್ ಸೆಟ್ಟಿಂಗ್‌ನಲ್ಲಿ 5 ಗಿಗಾಹರ್ಟ್ಸ್ ಆಯ್ಕೆ ಇದ್ದರೆ, ಕಂಪ್ಯೂಟರ್ ಕೂಡ ಅದನ್ನು ಹಿಡಿಯುವಂತಿದ್ದರೆ, ಅದಕ್ಕೆ ಬದಲಿಸಿ; ಇಲ್ಲವಾದರೆ ಮೊಬೈಲನ್ನು ವೈರ್ ಮೂಲಕ ಜೋಡಿಸಿ ಯುಎಸ್‌ಬಿ ಟೆದರಿಂಗ್ ಮಾಡಿ. ಬ್ಯಾಟರಿ ಸೆಲ್ ಬದಲಿಸಿ ನೋಡುವುದನ್ನು ಬೇರೆ ಹೇಳಬೇಕಿಲ್ಲ.

ಮೌಸ್‌ನ ಹೊಟ್ಟೆಯಡಿ ಒಂದು ಪುಟಾಣಿ ಕ್ಯಾಮೆರಾ ಇದೆ. ಕೆಳಗಿನ ಮೇಲ್ಮೈಯ ಚಿತ್ರವನ್ನು ಸೆಕೆಂಡಿಗೆ ಸಾವಿರಾರು ಸಲ ತೆಗೆದು, ಹಿಂದಿನ ಚಿತ್ರಕ್ಕೆ ಹೋಲಿಸಿ, ಎಷ್ಟು ಸರಿಯಿತು ಎಂದು ಲೆಕ್ಕ ಹಾಕುತ್ತದೆ. ಗಾಜಿನ ಮೇಲೆ, ಕನ್ನಡಿಯಂತೆ ಹೊಳೆಯುವ ಸನ್‌ಮೈಕಾ ಮೇಲೆ ಅದಕ್ಕೆ ಗುರುತು ಸಿಗುವುದಿಲ್ಲ, ಬಾಣ ಜಿಗಿಯುತ್ತದೆ. ಬಟ್ಟೆಯ ಮೌಸ್‌ಪ್ಯಾಡ್ ಸಾಕು. ಅದೂ ಇಲ್ಲದಿದ್ದರೆ ಒಂದು ಹಾಳೆ ಹಾಸಿ ಪರೀಕ್ಷಿಸಿ. ಸೆನ್ಸರ್ ಕಿಂಡಿಯಲ್ಲಿ ಒಂದು ಕೂದಲು ಸಿಕ್ಕಿಕೊಂಡರೂ ಇದೇ ತೊಂದರೆ.

ಟಿವಿಯನ್ನೇ ಪರದೆ ಮಾಡಿಕೊಂಡಿದ್ದೀರಾ?

ಹಾಗಿದ್ದರೆ ಅಪರಾಧಿ ಟಿವಿಯೇ ಇರಬಹುದು. ಟಿವಿಗಳು ಬಂದ ಚಿತ್ರವನ್ನು ನೇರವಾಗಿ ತೋರಿಸುವುದಿಲ್ಲ. ಬಣ್ಣ ಏರಿಸಿ, ಚಲನೆ ನಯಗೊಳಿಸಿ ಆಮೇಲೆ ತೋರಿಸುತ್ತವೆ. ಸಿನಿಮಾ ನೋಡುವಾಗ ಗೊತ್ತಾಗದ ಈ ತಡ ಮೌಸ್ ಹಿಡಿದಾಗ ಎದ್ದು ಕಾಣುತ್ತದೆ. ರಿಮೋಟ್ ತೆಗೆದುಕೊಂಡು ಪಿಕ್ಚರ್ ಸೆಟ್ಟಿಂಗ್‌ನಲ್ಲಿ ‘ಗೇಮ್ ಮೋಡ್’ ಹಾಕಿ, ಮತ್ತೆ ಸ್ಲೋ ಮೋಷನ್ ವಿಡಿಯೊ ತೆಗೆಯಿರಿ.

ಸಾಮಾನ್ಯ ಮಾನಿಟರ್ ಸೆಕೆಂಡಿಗೆ 60 ಸಲ ಚಿತ್ರ ಬದಲಿಸುತ್ತದೆ, ಅಂದರೆ ಒಂದೊಂದಕ್ಕೆ 16.7 ಮಿಲಿಸೆಕೆಂಡು. ಮಾಮೂಲಿ ಮೌಸ್ ಕಂಪ್ಯೂಟರ್‌ಗೆ ಸುದ್ದಿ ಕೊಡುವುದು ಸೆಕೆಂಡಿಗೆ 125 ಸಲ, ಅಂದರೆ 8 ಮಿಲಿಸೆಕೆಂಡಿಗೊಮ್ಮೆ. ಗೇಮಿಂಗ್ ಮೌಸ್ 1000 ಸಲ. ಆದ್ದರಿಂದ ದುಬಾರಿ ಮೌಸ್‌ನಿಂದ ಉಳಿಯುವುದು ಕೆಲವೇ ಮಿಲಿಸೆಕೆಂಡು. 8000 ಸಲದ ಮೌಸ್ ತಂದು ಹಳೆಯ ಪ್ರೊಸೆಸರ್‌ಗೆ ಜೋಡಿಸಿದರೆ ಅದರ ಹೊರೆಗೇ ಗೇಮ್ ತಡವರಿಸಬಹುದು. ಗೇಮ್ ಒಳಗೆ ‘ವಿ-ಸಿಂಕ್’ ಆನ್ ಇದ್ದರೆ ಆಫ್ ಮಾಡಿ ನೋಡಿ. ಪರದೆ ಕೊಂಚ ಹರಿದಂತೆ ಕಾಣಬಹುದು, ಆದರೆ ಮೌಸ್ ಚುರುಕಾಗುತ್ತದೆ.

ಸ್ವಲ್ಪ ಹೊತ್ತು ಬಿಟ್ಟು ಮುಟ್ಟಿದಾಗ ಮಾತ್ರ ಮೌಸ್ ಏಳಲು ತಡವೇ? ವಿದ್ಯುತ್ ಉಳಿಸಲು ವಿಂಡೋಸ್ ಆ ಪೋರ್ಟನ್ನು ಮಲಗಿಸುತ್ತಿದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಯುಎಸ್‌ಬಿ ರೂಟ್ ಹಬ್ ತೆರೆದು, ಪವರ್ ಮ್ಯಾನೇಜ್‌ಮೆಂಟ್ ವಿಭಾಗದ ಟಿಕ್ ತೆಗೆಯಿರಿ.

ಬಿಸಿಲು ಮತ್ತು ದೂಳು

ಆಟ ಶುರುವಾದಾಗ ಚೆನ್ನಾಗಿದ್ದು, ಇಪ್ಪತ್ತು ನಿಮಿಷದ ನಂತರ ಎಲ್ಲವೂ ಎಳೆಯತೊಡಗಿದರೆ ಅದು ಬಿಸಿ. ಪ್ರೊಸೆಸರ್ 90–100 ಡಿಗ್ರಿ ಸಮೀಪಿಸಿದಾಗ ಸುಟ್ಟುಹೋಗದಂತೆ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಕಲಬುರಗಿ ಜಿಲ್ಲೆಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ಕೋಣೆ 25ರಿಂದ 40ಕ್ಕೆ ಏರಿದರೆ ಪ್ರೊಸೆಸರ್‌ನ ಬಿಸಿಯೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ತೊಗರಿ ರಾಶಿಯ ಕಾಲದಲ್ಲಿ ಹೊಟ್ಟು, ದೂಳು ಮನೆಯೊಳಗೂ ಬರುವ ಊರುಗಳಲ್ಲಿ ಫ್ಯಾನಿನ ರೆಕ್ಕೆಗೆ ಮೆತ್ತಿಕೊಳ್ಳುವುದು ಅದೇ. ಪ್ಲಗ್ ಕಿತ್ತು, ಫ್ಯಾನ್ ತಿರುಗದಂತೆ ಬೆರಳಲ್ಲಿ ಹಿಡಿದು, ಒಣ ಬ್ರಷ್‌ನಿಂದ ದೂಳು ತೆಗೆಯಿರಿ. ಡಬ್ಬ ಮುಟ್ಟಿದಾಗ ಜುಮ್ಮೆನಿಸಿದರೆ ಅರ್ಥಿಂಗ್ ಇಲ್ಲವೆಂದರ್ಥ. ಮೌಸ್ ಚಿಂತೆ ಪಕ್ಕಕ್ಕಿಟ್ಟು ಮೊದಲು ಎಲೆಕ್ಟ್ರಿಷಿಯನ್ ಕರೆಸಿ.

ಹಾಗಾದರೆ ವೈರಸ್?

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಮೆಮೊರಿ ತುಂಬಿ ಡಿಸ್ಕ್ 100 ಶೇಕಡಾ ತೋರಿಸುತ್ತಿದ್ದರೆ ರ‍್ಯಾಮ್ ಸಾಲದೆ ಹಾರ್ಡ್‌ಡಿಸ್ಕ್ ಒದ್ದಾಡುತ್ತಿರಬಹುದು. ಬ್ರೌಸರ್ ಮುಚ್ಚಿ ನೋಡಿ. (ಡೆಸ್ಕ್‌ಟಾಪ್ ಮೇಲೆ ಹತ್ತು ಸಲ ರಿಫ್ರೆಶ್ ಒತ್ತುವುದರಿಂದ ಏನೂ ಆಗದು. ಅದು ಐಕಾನ್‌ಗಳನ್ನು ಮತ್ತೆ ಬಿಡಿಸುತ್ತದೆ, ಅಷ್ಟೆ.) ಏನೂ ತೆರೆಯದೆ ಸುಮ್ಮನಿದ್ದಾಗಲೂ ಅಪರಿಚಿತ ಪ್ರೋಗ್ರಾಂ ಒಂದು ಪ್ರೊಸೆಸರ್ ಅನ್ನು ಸತತವಾಗಿ ತಿನ್ನುತ್ತಿದ್ದರೆ ಆಗ ಅನುಮಾನಿಸಿ. ನಿಮ್ಮ ಕಂಪ್ಯೂಟರ್‌ನಲ್ಲಿ ಗುಟ್ಟಾಗಿ ಕ್ರಿಪ್ಟೊ ಹಣ ಗಣಿಗಾರಿಕೆ ಮಾಡುವ ದುಷ್ಟ ಪ್ರೋಗ್ರಾಂಗಳು ನಿಜಕ್ಕೂ ಇವೆ. ಅವು ಒಳಗೆ ಬರುವ ದಾರಿಗಳಲ್ಲಿ ಕ್ರ್ಯಾಕ್ ಮಾಡಿದ ಗೇಮ್‌ಗಳೂ ಈ ‘ಬೂಸ್ಟರ್’ಗಳೂ ಸೇರಿವೆ. “ಆ್ಯಂಟಿವೈರಸ್ ಆಫ್ ಮಾಡಿ” ಎಂಬ ಸಾಲು ಕಂಡರೆ ಆ ಫೈಲ್ ಮುಟ್ಟಲೇಬೇಡಿ. ಬ್ರೌಸರ್‌ನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳನ್ನು ಕದ್ದು ಸಾಗಿಸುವುದು ಇಂಥ ಫೈಲ್‌ಗಳ ಹಳೆಯ ಕಸುಬು. ಮಗನ ಗೇಮ್ ಐಡಿ ಹೋದರೆ ಹೋಗಲಿ, ಅದೇ ಕಂಪ್ಯೂಟರ್‌ನಲ್ಲಿ ಅಪ್ಪನ ಬ್ಯಾಂಕ್ ಲಾಗಿನ್ ಕೂಡ ಇರಬಹುದು.

ಈಗಾಗಲೇ ಹಾಕಿಕೊಂಡಿದ್ದರೆ ಗಾಬರಿ ಬೇಡ. ಕಂಪ್ಯೂಟರ್‌ನ ನೆಟ್ ತೆಗೆಯಿರಿ. ಮೊಬೈಲ್‌ನಿಂದ ಇಮೇಲ್ ಮತ್ತು ಬ್ಯಾಂಕ್ ಪಾಸ್‌ವರ್ಡ್ ಬದಲಿಸಿ. ಅದೇ ಕಂಪ್ಯೂಟರ್‌ನಿಂದ ಬದಲಿಸಬೇಡಿ. ವಿಂಡೋಸ್ ಸೆಕ್ಯುರಿಟಿಯಲ್ಲಿ ಆಫ್‌ಲೈನ್ ಸ್ಕ್ಯಾನ್ ಓಡಿಸಿ. ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರದ ಜಾಲತಾಣದಲ್ಲಿ ಉಚಿತ ಶುಚಿಗೊಳಿಸುವ ಪ್ರೋಗ್ರಾಂಗಳೂ ಸಿಗುತ್ತವೆ. ಖಾತೆಯಿಂದ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.