ಚೆಂಡು ಒದ್ದರ ಪಗಾರ ಬರ್ತದೇನು?

 

ನಾನು ಬೈಲಹೊಂಗಲದವನು. ಪಿಯುಸಿಯಲ್ಲಿದ್ದಾಗ ಫುಟ್‌ಬಾಲ್ ಹುಚ್ಚು ಹಿಡಿದಿತ್ತು. ಆಗ ನಮ್ಮಪ್ಪ ಕೇಳಿದ್ದು ಒಂದೇ ಪ್ರಶ್ನೆ: "ಚೆಂಡು ಒದ್ದರ ಪಗಾರ ಬರ್ತದೇನು?" ನನ್ನ ಹತ್ರ ಉತ್ತರ ಇರಲಿಲ್ಲ. ಸುಮ್ನೆ ಬಿಕಾಂ ಸೇರಿದೆ. ಆಮೇಲೆ ಗೊತ್ತಾಯ್ತು, ನಮ್ಮ ರಾಜ್ಯದಲ್ಲೇ ಒಂದು ಕಾಲಕ್ಕೆ ಆ ಪ್ರಶ್ನೆಗೆ "ಬರ್ತದ" ಅನ್ನೋ ಉತ್ತರ ಇತ್ತು ಅಂತ. ಅದೂ ಪಿಎಫ್ ಸಮೇತ. ಅದು ಬೆಂಗಳೂರು ಫುಟ್‌ಬಾಲ್ ಲೀಗ್. ಇವತ್ತಿನ ಎಪಿಸೋಡ್ ಅದರ ಮೇಲೆ.

ಮೊದಲು ನಮ್ಮ ಕಡೆಯ ಮಾತು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಎಲ್ಲಾ ಕಡೆ ಆಟ ಅಂದ್ರೆ ಕುಸ್ತಿ, ಕಬಡ್ಡಿ, ಈಚೆಗೆ ಟೆನಿಸ್ ಬಾಲ್ ಕ್ರಿಕೆಟ್. ಕುಸ್ತಿಯ ಲೆಕ್ಕ ಸರಳ. ಜಾತ್ರೆ ಕಮಿಟಿಯವರು ಬಹುಮಾನ ಇಡ್ತಾರೆ, ಗೆದ್ದ ಪೈಲ್ವಾನ ಒಯ್ತಾನೆ, ಮರುದಿನ ಮತ್ತೆ ಹೊಲ. ಫುಟ್‌ಬಾಲ್‌ಗೆ ಹನ್ನೊಂದು ಜನ ಬೇಕು, ವರ್ಷವಿಡೀ ಪ್ರ್ಯಾಕ್ಟೀಸ್ ಬೇಕು, ಮೈದಾನ ಬೇಕು. ಯಾವ ಜಾತ್ರೆ ಕಮಿಟಿ ಇದನ್ನೆಲ್ಲ ಸಾಕ್ತದೆ?

ಬೆಂಗಳೂರಿನಲ್ಲಿ ಮೊದಲು ಸಾಕಿದ್ದು ಸೈನ್ಯ. 1809ರಲ್ಲಿ ಅಲ್ಲಿ ದಂಡು ಪ್ರದೇಶ ಶುರುವಾಯ್ತು. ಮುಂದೆ ಬ್ರಿಟಿಷ್ ಸೈನಿಕರ ಆಟ ನೋಡಿ ಹಲಸೂರು, ಶಿವಾಜಿನಗರದ ಕಡೆಯ ಹುಡುಗರು ಬರಿಗಾಲಲ್ಲೇ ಕಲಿತರು. (ಕಿತ್ತೂರಿಗೂ ಬ್ರಿಟಿಷರು ಬಂದಿದ್ರಲ್ಲ ಅಂತೀರಾ? 1824ರಲ್ಲಿ ಥ್ಯಾಕರೆ ಬಂದದ್ದು ಬೇರೆ ಕೆಲಸಕ್ಕೆ, ವಾಪಸ್ ಹೋಗಲಿಲ್ಲ. ಫುಟ್‌ಬಾಲ್‌ಗೆ ಈಗಿನ ಆಟಕ್ಕೆ ಮೂಲವಾದ ನಿಯಮ ಬಂದದ್ದೇ 1863ರಲ್ಲಿ.) ಹಲಸೂರಿನ ಹತ್ತಿರದ ಗೌತಮಪುರಕ್ಕೆ ಹೋದ್ರೆ ಇವತ್ತಿಗೂ ಪೆಲೆಯ ಪ್ರತಿಮೆ ಕಾಣ್ತದೆ.

ಈ ಹುಡುಗರು ಎಂಥ ಆಟಗಾರರು ಅಂದ್ರೆ, 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಬೊಂಬಾಯಿಗೆ ಹೋಗಿ ರೋವರ್ಸ್ ಕಪ್ ಗೆದ್ದಿತು. 1891ರಿಂದ ನಡೀತಿದ್ದ ಆ ಟೂರ್ನಿಯನ್ನು ಗೆದ್ದ ಮೊದಲ ಭಾರತೀಯ ತಂಡ ಅದು. 1938ರಲ್ಲಿ ಮತ್ತೊಮ್ಮೆ ಗೆದ್ದರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತ 1-2ರಿಂದ ಸೋತಿತು. ಆ ಒಂದು ಗೋಲು ಒಲಿಂಪಿಕ್ಸ್‌ನಲ್ಲಿ ಭಾರತದ ಮೊದಲ ಗೋಲು. ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ನಮ್ಮ ತಂಡದ ಬಹಳ ಮಂದಿ ಅವತ್ತು ಬೂಟಿಲ್ಲದೇ ಆಡಿದರು.

ಆದರೆ ಒಳ್ಳೆ ಆಟಗಾರರು ಬೆಂಗಳೂರಿನಲ್ಲಿ ನಿಲ್ಲಲಿಲ್ಲ. ರಾಮನ್ ಮೋಹನ್ ಬಾಗಾನ್‌ಗೆ ಹೋದರು. ಅಹ್ಮದ್ ಖಾನ್, ಧನರಾಜ್ ಈಸ್ಟ್ ಬೆಂಗಾಲ್ ಸೇರಿ, ಅಲ್ಲಿನ ಅಭಿಮಾನಿಗಳು 'ಪಂಚಪಾಂಡವರು' ಅಂತ ಕರೀತಿದ್ದ ಐವರಲ್ಲಿ ಇಬ್ಬರಾದರು. ಕಾಗದದ ಮೇಲೆ ಎಲ್ಲರೂ ಹವ್ಯಾಸಿಗಳೇ. ಆದರೆ ಹೊಟ್ಟೆ ಹವ್ಯಾಸಿ ಅಲ್ಲವಲ್ಲ!

ಇಲ್ಲಿಂದ ಕಾಮರ್ಸ್ ಓದಿದ ನನಗೆ ಇಷ್ಟವಾದ ಭಾಗ. 1940ರಲ್ಲಿ ಎಚ್‌ಎಎಲ್ ಬಂತು, 1948ರಲ್ಲಿ ಟೆಲಿಫೋನ್ ಮಾಡುವ ಐಟಿಐ. ಆಮೇಲೆ ಒಂದರ ಹಿಂದೊಂದು ಸರ್ಕಾರಿ ಕಾರ್ಖಾನೆಗಳು, ರಕ್ಷಣಾ ಇಲಾಖೆಯ ಪ್ರಯೋಗಾಲಯಗಳು. ಇವರೆಲ್ಲ ತಂಡ ಕಟ್ಟಿದರು. ಐಟಿಐ, ಎಚ್‌ಎಎಲ್, ಎಲ್‌ಆರ್‌ಡಿಇ, ಸಿಐಎಲ್, ಜೊತೆಗೆ ಸೈನ್ಯದ ಎಂಇಜಿ: ಇವೇ ಬೆಂಗಳೂರು ಲೀಗಿನ ದೊಡ್ಡ ಹೆಸರುಗಳಾದವು. ಆಟಗಾರ ಕ್ರೀಡಾ ಕೋಟಾದಲ್ಲಿ ನೌಕರಿಗೆ ಸೇರ್ತಿದ್ದ. ಕೆಲಸದ ಹೊತ್ತಿನಲ್ಲೇ ಪ್ರ್ಯಾಕ್ಟೀಸ್‌ಗೆ ಬಿಡುವು, ಮ್ಯಾಚಿದ್ದ ದಿನ ರಜೆ. ಮೊಣಕಾಲು ಮುರಿದರೂ ನೌಕರಿ ಉಳೀತಿತ್ತು, ನಿವೃತ್ತಿ ತನಕ.

ಸೆಮಿ-ಪ್ರೊಫೆಷನಲ್ ಅನ್ನೋ ದೊಡ್ಡ ಶಬ್ದದ ಒಳಗೆ ಇರೋದು ಇಷ್ಟೇ ನೋಡ್ರಿ. ಕ್ಲಬ್ಬಿಗೆ ಟಿಕೆಟ್ ಮಾರಿ ಬದುಕೋ ಚಿಂತೆ ಇಲ್ಲ, ಆಟಗಾರನಿಗೆ ಫಾರ್ಮ್ ಹೋದ್ರೆ ಬೀದಿಗೆ ಬೀಳೋ ಭಯ ಇಲ್ಲ. ಖರ್ಚೆಲ್ಲ ಕಾರ್ಖಾನೆಯ ಖಾತೆಗೆ. ಮೈಸೂರು ರಾಜ್ಯ ತಂಡ ಸಂತೋಷ್ ಟ್ರೋಫಿಯನ್ನು 1946-47, 1952-53, 1967-68 ಮತ್ತು 1968-69ರಲ್ಲಿ ಗೆದ್ದಿತು. ಕೊನೆಯ ಎರಡು ಗೆಲುವು ಬರುವ ಹೊತ್ತಿಗೆ ಬೆಂಗಳೂರು ಪೂರಾ ಕಾರ್ಖಾನೆಗಳ ಊರಾಗಿತ್ತು.

ಅದೇ ಅದರ ದೌರ್ಬಲ್ಯವೂ ಆಯ್ತು. 1991ರ ನಂತರ ಕಾರ್ಖಾನೆಗಳು ನೇಮಕಾತಿ ಕಡಿಮೆ ಮಾಡಿದವು. ಮನೆಮನೆಗೂ ಮೊಬೈಲ್ ಬಂತು, ಐಟಿಐ ಫೋನು ಯಾರಿಗೆ ಬೇಕು? ಹಳೇ ಆಟಗಾರ ನಿವೃತ್ತನಾದಾಗ ಅವನ ಕುರ್ಚಿಗೆ ಹೊಸ ಸ್ಟ್ರೈಕರ್ ಬರಲಿಲ್ಲ. 1996ರಲ್ಲಿ ರಾಷ್ಟ್ರೀಯ ಫುಟ್‌ಬಾಲ್ ಲೀಗ್ ಶುರುವಾದ ಮೇಲೆ ಐಟಿಐ, ಎಚ್‌ಎಎಲ್ ಎರಡೂ ಅಲ್ಲಿ ಆಡಿದವು. ಎಚ್‌ಎಎಲ್ ಮುಂದೆ ಐ-ಲೀಗ್‌ನಲ್ಲೂ ಇತ್ತು, 2012ರಲ್ಲಿ ಕೆಳಗಿಳಿಯಿತು. ಮರುವರ್ಷವೇ ಜೆಎಸ್‌ಡಬ್ಲ್ಯೂ ಬೆಂಗಳೂರು ಎಫ್‌ಸಿ ಕಟ್ಟಿ, ಮೊದಲ ಸೀಸನ್‌ನಲ್ಲೇ ಐ-ಲೀಗ್ ಗೆದ್ದಿತು. ಇಲ್ಲಿ ಕೆಲವರಿಗೆ ಪಗಾರ ದೊಡ್ಡದು. ಆದರೆ ಕಾಂಟ್ರ್ಯಾಕ್ಟ್ ಮುಗಿದ ಮೇಲೆ ಕಾರ್ಖಾನೆ ಗೇಟ್ ಪಾಸ್ ಇಲ್ಲ.

ಸರ್ಕಾರಿ ನೌಕರಿ ಇದ್ದಿದ್ರೆ ಎಲ್ಲಾ ಚೆಂದ ಇರ್ತಿತ್ತು ಅಂತ ನಾನು ಹೇಳ್ತಿಲ್ಲ. ಆ ವ್ಯವಸ್ಥೆ ಬೆಂಗಳೂರು ಬಿಟ್ಟು ಹೊರಗೆ ಹೆಚ್ಚು ಬರಲೇ ಇಲ್ಲ. ರಾಮದುರ್ಗದ ನೇಕಾರರ ಮನೆಯ ಹುಡುಗ ಎಷ್ಟೇ ಚೆನ್ನಾಗಿ ಡ್ರಿಬಲ್ ಮಾಡಿದ್ರೂ ಅದನ್ನ ನೋಡೋಕೆ ಯಾವ ಸೆಲೆಕ್ಟರ್ ಬಸ್ ಹತ್ತಿ ಬರ್ತಿದ್ದ?

2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿ, 54 ವರ್ಷದ ನಂತರ ಸಂತೋಷ್ ಟ್ರೋಫಿ ತಂತು. ಆ ರಾತ್ರಿ ಹೈಲೈಟ್ಸ್ ತೋರಿಸಿದಾಗ ಅಪ್ಪ ಪೂರ್ತಿ ನೋಡಿದರು. ಆಮೇಲೆ ಕೇಳಿದರು, "ಇವರಿಗೆಲ್ಲಾ ನೌಕರಿ ಅದಾವೇನು?"

ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಕಾರ್ಖಾನೆ ತಂಡಕ್ಕೆ ಆಡಿದ ಕಾಕಾ, ಅಜ್ಜ ಯಾರಾದ್ರೂ ಇದ್ರೆ, ಅವರನ್ನ ಮಾತಾಡ್ಸಿ ಒಂದು ವಾಯ್ಸ್ ನೋಟ್ ಕಳಿಸ್ರಿ. ಮೊದಲ ಪಗಾರ ಎಷ್ಟಿತ್ತು ಅಂತ ಕೇಳೋದು ಮರೀಬೇಡಿ.