ಗೆದ್ದಲಿನ ಹೊಟ್ಟೆಯೊಳಗಿನ ಒಕ್ಕಲು



ಯಾದಗಿರಿ, ಶಹಾಪುರ, ಸುರಪುರದ ಸೀಮೆಯಲ್ಲಿ ಗೆದ್ದಲಿನ ಕಾಟ ಕಾಣದ ಮನೆ ವಿರಳ. ಬಾಗಿಲ ಚೌಕಟ್ಟು, ಬಣವಿಯ ತಳದ ಕಣಕಿ, ಹೊಲದ ಶೇಂಗಾಕಾಯಿ, ಯಾವುದನ್ನೂ ಅದು ಬಿಡುವುದಿಲ್ಲ. ಒಣ ಕಟ್ಟಿಗೆ ನಮಗೆ ಜೀರ್ಣವಾಗದು. ಅಷ್ಟು ಮೆತ್ತಗಿನ ಹುಳಕ್ಕೆ ಹೇಗೆ ಅರಗುತ್ತದೆ? ಈ ಗುಟ್ಟು ತಿಳಿಯಲು ಪಂಡಿತರಿಗೆ ಬಹಳ ಕಾಲ ಹಿಡಿಯಿತು.

ಯೋಹಾನ್ ಕೋನಿಗ್ ಎಂಬ ವೈದ್ಯರು ೧೭೭೯ರಲ್ಲಿ ತಂಜಾವೂರು ಸೀಮೆಯ ಗೆದ್ದಲನ್ನು ಕುರಿತು ಬರೆದರು. ಹುತ್ತದೊಳಗೆ ಜೇನುಹುಟ್ಟಿನಂಥ ಗೂಡಿನ ಮೇಲೆ ಬೂಷ್ಟು ಬೆಳೆದದ್ದನ್ನು ಅವರು ಕಂಡಿದ್ದರು.

೧೮೭೭ರಲ್ಲಿ ಅಮೆರಿಕದ ಜೋಸೆಫ್ ಲೈಡಿ ಅಲ್ಲಿಯ ಗೆದ್ದಲಿನ ಕರುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಒಳಗೆ ಲೆಕ್ಕವಿಲ್ಲದಷ್ಟು ಅಣುಜೀವಿಗಳು! ಅವು ಬರೀ ಪರೋಪಜೀವಿಗಳೆಂದೇ ಅವರು ಬಗೆದರು. ೧೯೨೪ರ ಸುಮಾರಿಗೆ ಕ್ಲೀವ್‌ಲ್ಯಾಂಡ್ ಎಂಬವರು ಗೆದ್ದಲನ್ನು ಒಂದು ದಿನ ೩೬ ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿಟ್ಟರು. ಅಣುಜೀವಿಗಳು ಸತ್ತವು, ಗೆದ್ದಲು ಬದುಕಿತು. ಆದರೆ ಆಮೇಲೆ ಎಷ್ಟು ಕಟ್ಟಿಗೆ ತಿಂದರೂ ಅದು ಕೆಲವೇ ವಾರಗಳಲ್ಲಿ ಹಸಿದು ಸತ್ತಿತು. ಅಣುಜೀವಿಗಳು ಮತ್ತೆ ಹೊಟ್ಟೆ ಸೇರಿದ ಗೆದ್ದಲುಗಳು ಬದುಕಿದವು. ನೋಡ್ರಿ, ತಿನ್ನುವುದು ಗೆದ್ದಲು, ಅರಗಿಸುವುದು ಒಳಗಿನ ಒಕ್ಕಲು! ನಮ್ಮ ಎತ್ತು ಕಣಕಿ ಅರಗಿಸುವುದೂ ಇಂಥ ಜೀವಿಗಳ ನೆರವಿನಿಂದಲೇ.

ನಮ್ಮ ಹೊಲದಲ್ಲಿ ಹುತ್ತ ಕಟ್ಟುವ ಗೆದ್ದಲಿನ ಜಾತಿ ಬೇರೆ. ಅದರ ಕರುಳಲ್ಲಿ ಲೈಡಿ ಕಂಡ ಜೀವಿಗಳಿಲ್ಲ, ಬ್ಯಾಕ್ಟೀರಿಯಾ ಇವೆ. ಜೊತೆಗೆ ಕೋನಿಗ್ ಕಂಡ ಬೂಷ್ಟು ಇದೆ. ತಿಂದ ಕಸಕಡ್ಡಿಯನ್ನು ಹಿಕ್ಕೆಯಾಗಿ ಗೂಡಿಗೆ ಹಾಕಿ, ಅದರ ಮೇಲೆ ಬೂಷ್ಟು ಬೆಳೆಸಿ, ಮೆತ್ತಗಾದ ಮೇಲೆ ಗೆದ್ದಲು ಮತ್ತೆ ತಿನ್ನುತ್ತದೆ. ಮಳೆಗಾಲದಲ್ಲಿ ಹುತ್ತದ ಮೇಲೆ ಏಳುವ ಅಣಬೆ ಈ ಬೂಷ್ಟಿನದೇ. ೧೯೪೨ರಲ್ಲಿ ಫ್ರಾನ್ಸಿನ ರೋಜೆ ಹೀಮ್ ಅದಕ್ಕೆ ಟರ್ಮಿಟೊಮೈಸಿಸ್ ಎಂದು ಹೆಸರಿಟ್ಟರು.

ಇದರಿಂದ ನಮಗೇನು ಲಾಭ ಅಂತೀರಾ? ಗೆದ್ದಲು ಹುಡುಕುವುದು ಕಳಿಯದ ನಾರನ್ನು. ಅರೆಕಳಿತ ತಿಪ್ಪೆಗೊಬ್ಬರವನ್ನು ಶೇಂಗಾ ಹೊಲಕ್ಕೆ ಹಾಕಿದರೆ ಅದಕ್ಕೆ ಊಟಕ್ಕೆ ಕರೆದಂತೆಯೇ. ಹುತ್ತದಲ್ಲಿ ನಡೆಯುವ ಕೆಲಸ ಮೊದಲು ನಿಮ್ಮ ಗೊಬ್ಬರದ ಗುಂಡಿಯಲ್ಲಿ ನಡೆಯಲಿ. ಹತ್ತಿ, ತೊಗರಿಯ ಕೂಳೆಯನ್ನು ಆರಿಸಿ, ಕಡಿದು, ಸಗಣಿನೀರು ಹಾಕಿ ಕೊಳೆಸಿರಿ. ಪೂರ್ತಿ ಕಳಿತ ಗೊಬ್ಬರವನ್ನೇ ಹೊಲಕ್ಕೆ ಒಯ್ಯಿರಿ.

ಹಿಂದೆ ಗೆದ್ದಲಿಗೆಂದು ಎರಚುತ್ತಿದ್ದ ಬಿ.ಎಚ್.ಸಿ. ಪುಡಿ ೧೯೯೭ರಿಂದ ನಮ್ಮ ದೇಶದಲ್ಲಿ ನಿಷಿದ್ಧ. ಅಟ್ಟದ ಮೇಲೆ ಹಳೆಯ ಚೀಲ ಉಳಿದಿದ್ದರೆ ಕಾಳಿನ ಹತ್ತಿರ ಇಡಬೇಡಿರಿ, ಮಕ್ಕಳ ಕೈಗೆ ಸಿಗಗೊಡಬೇಡಿರಿ. ರೈತ ಸಂಪರ್ಕ ಕೇಂದ್ರಕ್ಕೆ ತಿಳಿಸಿರಿ.

ನಾಗರಪಂಚಮಿಗೆ ಹುತ್ತಕ್ಕೆ ಹಾಲೆರೆಯುವಾಗ ನೆನೆಯಿರಿ: ಆ ಮಣ್ಣಿನೊಳಗೂ ಒಂದು ಒಕ್ಕಲುತನ ನಡೆದಿದೆ.