ಬೀಜಗಣಿತದ ಬೋಧನೆಯಲ್ಲಿ ಉಪಪತ್ತಿಯ ಸ್ಥಾನ

ಪ್ರಾಚೀನ ಭಾರತದ ಗಣಿತವು ಕೇವಲ ಸೂತ್ರಗಳ ಕಂಠಪಾಠವೆಂದೂ, ಅದರಲ್ಲಿ ಶಿಷ್ಯನ ಸ್ವತಂತ್ರವಾದ ಆಲೋಚನೆಗೆ ಎಡೆಯಿರಲಿಲ್ಲವೆಂದೂ ಒಂದು ಆಕ್ಷೇಪವುಂಟು. ಭಾಸ್ಕರಾಚಾರ್ಯನ ಬೀಜಗಣಿತವನ್ನು ಪರಾಮರ್ಶಿಸಿದರೆ ಈ ಆಕ್ಷೇಪವು ನಿಲ್ಲಲಾರದು.

ಶಕವರ್ಷ 1036 ರಲ್ಲಿ, ಎಂದರೆ ಕ್ರಿ. ಶ. 1114 ರಲ್ಲಿ, ಜನಿಸಿದ ಈ ಆಚಾರ್ಯನು ತನ್ನ 36 ನೆಯ ವಯಸ್ಸಿನಲ್ಲಿ ಸಿದ್ಧಾಂತಶಿರೋಮಣಿಯನ್ನು ರಚಿಸಿದನು. ಬೀಜಗಣಿತವು ಅದರ ಒಂದು ಭಾಗವೆಂದು ಪ್ರಸಿದ್ಧವಾಗಿದೆ. ಯಾವತ್ತಾವತ್, ಕಾಲಕ, ನೀಲಕ ಮೊದಲಾದ ಅವ್ಯಕ್ತಸಂಜ್ಞೆಗಳು ಬೀಜವಲ್ಲ, ಬುದ್ಧಿಯೇ ಬೀಜ, ಸಂಜ್ಞೆಗಳು ಮಂದಮತಿಗಳ ಬೋಧೆಗಾಗಿ ಅದಕ್ಕೆ ಒದಗಿಬಂದ ಸಹಾಯಕಗಳು ಎಂಬುದು ಅವನ ಸಿದ್ಧಾಂತ.

ಈ ಸಿದ್ಧಾಂತವು ಬೋಧನೆಯಲ್ಲಿ ಹೇಗೆ ಪರಿಣಮಿಸಿತೆಂಬುದಕ್ಕೆ ಗ್ರಂಥದ ಕೊನೆಯಲ್ಲಿ ಬರುವ ಭಾವಿತಪ್ರಕರಣವೇ ಸಾಕ್ಷಿ. ಎರಡು ರಾಶಿಗಳನ್ನು ಕ್ರಮವಾಗಿ 4 ರಿಂದಲೂ 3 ರಿಂದಲೂ ಗುಣಿಸಿ, ಕೂಡಿಸಿ, 2 ನ್ನು ಸೇರಿಸಿದರೆ ಆ ರಾಶಿಗಳ ಗುಣಲಬ್ಧವೇ ದೊರೆಯಬೇಕು; ಆ ರಾಶಿಗಳಾವುವು? ಇದು ಅಲ್ಲಿಯ ಒಂದು ಪ್ರಶ್ನೆ. ಎರಡನೆಯ ರಾಶಿಯನ್ನು ಇಷ್ಟದಂತೆ 5 ಎಂದು ಕಲ್ಪಿಸಿದರೆ ಮೊದಲನೆಯದು 17 ಆಗುವುದು. ಉತ್ತರವೇನೋ ಬಂದಿತು. ಆದರೆ ಆಚಾರ್ಯನು ಅಷ್ಟಕ್ಕೆ ತೃಪ್ತನಾಗದೆ, ಕಲ್ಪನೆಯ ಆಯಾಸವಿಲ್ಲದ ಮತ್ತೊಂದು ಮಾರ್ಗವನ್ನೂ ಅದರ ಉಪಪತ್ತಿಯನ್ನೂ ನಿರೂಪಿಸುತ್ತಾನೆ.

ಎರಡು ರಾಶಿಗಳನ್ನೂ ಭುಜಗಳಾಗಿ ಉಳ್ಳ ಒಂದು ಆಯತವನ್ನು ಬರೆಯಬೇಕು. ಮೊದಲನೆಯ ರಾಶಿಯ ಉದ್ದಕ್ಕೆ 4 ಅಗಲದ ಪಟ್ಟಿಯನ್ನೂ ಎರಡನೆಯದರ ಉದ್ದಕ್ಕೆ 3 ಅಗಲದ ಪಟ್ಟಿಯನ್ನೂ ತೆಗೆದರೆ, ಅವು ಕೂಡುವ ಮೂಲೆಯ 12 ಚೌಕಗಳು ಎರಡಾವೃತ್ತಿ ಎಣಿಕೆಯಾಗುವುವು. ಆದುದರಿಂದ ಉಳಿದ ಆಯತದ ಫಲವು 2 ಅಲ್ಲ, 14. ಈ 14 ನ್ನು 1 ಮತ್ತು 14 ಎಂದಾಗಲಿ, 2 ಮತ್ತು 7 ಎಂದಾಗಲಿ ಒಡೆದು, ಒಂದಕ್ಕೆ 3 ನ್ನೂ ಇನ್ನೊಂದಕ್ಕೆ 4 ನ್ನೂ ಕೂಡಿಸಿದರೆ 4, 18, 17, 5, 5, 11, 10, 6 ಎಂಬ ನಾಲ್ಕು ಜೋಡಿಗಳು ಸಿದ್ಧಿಸುವುವು. ಮೊದಲು ಊಹೆಯಿಂದ ಬಂದ 17, 5 ಎಂಬುದು ಇವುಗಳಲ್ಲೊಂದು ಮಾತ್ರ.

ಈ ಕ್ಷೇತ್ರಗತವಾದ ಉಪಪತ್ತಿಯನ್ನು ಗ್ರಹಿಸಲಾರದವರಿಗೆ ರಾಶಿಗತವಾದುದನ್ನು ತೋರಿಸಬೇಕೆಂದು ಆಚಾರ್ಯನು ಅಲ್ಲಿಯೇ ವಿಧಿಸುತ್ತಾನೆ. ಶಿಷ್ಯರ ಬುದ್ಧಿಯು ಏಕರೂಪವಾಗಿರದು. ಆದುದರಿಂದ ದಾರಿಯೂ ಒಂದೇ ಆಗಿರಲಾಗದು. ಉಪಪತ್ತಿಯಿಲ್ಲದಿದ್ದರೆ ಅಂಕಗಣಿತಕ್ಕೂ ಬೀಜಕ್ಕೂ ಭೇದವೇ ಇಲ್ಲವೆಂಬುದು ಅವನ ಅಭಿಪ್ರಾಯ.

ಈ ಪರಂಪರೆಯು ಅವನೊಡನೆ ಮುಗಿಯಲಿಲ್ಲ. ಕ್ರಿ. ಶ. 1600 ರ ಸುಮಾರಿನಲ್ಲಿ ಕೃಷ್ಣದೈವಜ್ಞನು ಬೀಜಪಲ್ಲವವೆಂಬ ವ್ಯಾಖ್ಯಾನದಲ್ಲಿ ಮೂಲದ ಸೂತ್ರಗಳಿಗೆ ಉಪಪತ್ತಿಗಳನ್ನು ವಿಸ್ತರಿಸಿದನು. 1817 ರಲ್ಲಿ ಪ್ರಕಟವಾದ ಕೋಲ್‌ಬ್ರೂಕನ ಆಂಗ್ಲಾನುವಾದದ ಟಿಪ್ಪಣಿಗಳಲ್ಲಿಯೂ ಆ ವ್ಯಾಖ್ಯಾನದ ಭಾಗಗಳು ಸೇರಿವೆ. ಆದರೂ ಆಕ್ಷೇಪವು ಉಳಿದುದಕ್ಕೆ ಕಾರಣವಿಲ್ಲದಿಲ್ಲ. ಸೂತ್ರವು ಪದ್ಯರೂಪದಲ್ಲಿದ್ದು ಬಾಯಿಗೆ ಸುಲಭವಾಗಿ ಬರುವುದು. ಉಪಪತ್ತಿಯು ಗುರುವಿನ ಮುಖದಿಂದಲೋ ವ್ಯಾಖ್ಯಾನದಿಂದಲೋ ಬರಬೇಕಾದುದು. ಎಲ್ಲಿ ಗುರುವು ಅದನ್ನು ಬಿಟ್ಟನೋ ಅಲ್ಲಿ ಸೂತ್ರವು ಗಿಣಿಪಾಠವಾಯಿತು. ಆ ದೋಷವು ಪಾಠಕ್ರಮದ್ದೇ ಹೊರತು ಶಾಸ್ತ್ರದ್ದಲ್ಲ. ಇಂದಿನ ಶಾಲೆಗಳಲ್ಲಿ ಬೀಜಗಣಿತವನ್ನು ಬೋಧಿಸುವವರಿಗೂ ಈ ವಿವೇಕವು ಸಲ್ಲತಕ್ಕದ್ದಾಗಿದೆ.